ಎಡಗೈ ಕಟ್ಟಿದ ಕಸಿ

“ಮುಟ್ಟಬೇಡಿ ಸಾರ್!”

ಬೆನ್ನ ಹಿಂದಿನಿಂದ ಬಂದ ದನಿಗೆ ರಾಮಪ್ರಸಾದ ಚಾಚಿದ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡ.

ಗಿರಿನಗರದ ಆ ಮನೆಯ ಹಿತ್ತಿಲಲ್ಲಿ, ನೀರಿನ ತೊಟ್ಟಿಯ ಪಕ್ಕ, ಎದೆಮಟ್ಟ ಬೆಳೆದ ದಾಸವಾಳದ ಗಿಡವಿತ್ತು. ತುದಿಯಲ್ಲಿ ಅಂದು ಬೆಳಿಗ್ಗೆ ಅರಳಿದ ಒಂದೇ ಒಂದು ಹೂ. ಅಂಗೈಯಗಲದ ತಿಳಿ ನೇರಳೆ ಎಸಳು. ಗಂಟಲಲ್ಲಿ ಕುಂಕುಮದ ಕೆಂಪು. ಅಂಚಿನುದ್ದಕ್ಕೂ ಸೂಜಿಮೊನೆಯಿಂದ ಎಳೆದಂಥ ಹಳದಿ ಗೆರೆ.

ಈ ಹೂವನ್ನು ಮತ್ತೆ ಕಣ್ಣಾರೆ ಕಾಣುತ್ತೇನೆಂದು ಅವನು ಎಣಿಸಿರಲಿಲ್ಲ.

“ಕೈ ತಾಗಿದ್ರೆ ಸಂಜೆಗೆ ಮುಂಚೇನೇ ಮುದುಡಿಕೊಳ್ಳುತ್ತೆ,” ಎಂದರು ನಾಗಲಕ್ಷ್ಮಮ್ಮ, ಕಾಫಿ ಲೋಟವನ್ನು ತೊಟ್ಟಿಯ ಕಟ್ಟೆಯ ಮೇಲಿಡುತ್ತ. ಅರವತ್ತರ ಆಸುಪಾಸಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. “ಹೂವಿಗೂ ಕಣ್ಣಾಗುತ್ತೆ ಅಂತಾರಲ್ಲ, ಇದಕ್ಕೆ ಕೈಯೂ ಆಗುತ್ತೆ.”

“ತಪ್ಪಾಯ್ತಮ್ಮ. ಇಂಥ ಬಣ್ಣ ನೋಡಿದ್ದೇ ಇಲ್ಲ. ತಡೆಯೋಕೆ ಆಗಲಿಲ್ಲ.”

ಹೇಳಿದ್ದು ಸುಳ್ಳು. ಇದೇ ಬಣ್ಣವನ್ನು ಕಳೆದ ಮಂಗಳವಾರ ಯಡಿಯೂರಿನ ಗಣಪತಿಯ ಮುಡಿಯಲ್ಲಿ ಕಂಡು, ಎಪ್ಪತ್ತೈದು ದಾಟಿದ, ನೆರೆಮನೆಯ ಚಕ್ರಪಾಣಿಗಳು ಗುಡಿಯ ಮೆಟ್ಟಿಲ ಮೇಲೇ ಕುಸಿದು ಕೂತಿದ್ದರು. ಅಂದೇ ಸಂಜೆ ರಾಮಪ್ರಸಾದನ ಕೈ ಹಿಡಿದು ಹೇಳಿದ್ದರು: “ನನ್ನ ಮಗಳು ಬದುಕಿದ್ದಾಳೆ ಕಣಯ್ಯ. ಹುಡುಕಿಕೊಡು.”

ಆ ಹೂ ತಂದವರು ಗಿರಿನಗರದ ನಾಗಲಕ್ಷ್ಮಮ್ಮ ಎಂದು ಗುಡಿಯ ಅರ್ಚಕರು ಹೇಳಿದ್ದರು. ಈಗ ಅವನು ಅವರ ಹಿತ್ತಿಲಲ್ಲಿ, ಗಿಡದ ಹುಚ್ಚು ಹಿಡಿದ ಯಡಿಯೂರಿನ ಯಾರೋ ಗುಮಾಸ್ತನಂತೆ ನಿಂತಿದ್ದ. ತನ್ನ ಹೆಸರನ್ನು ಇನ್ನೂ ಹೇಳಿರಲಿಲ್ಲ.

“ಇದನ್ನ ಬೆಳೆಸೋದು ಹೇಗಮ್ಮ? ನಮ್ಮನೇಲಿ ಸಾಧಾರಣ ಕೆಂಪು ದಾಸವಾಳವೇ ಮೊಗ್ಗು ಉದುರಿಸಿಕೊಂಡು ನಿಂತಿದೆ.”

ಗಿಡ ಬೆಳೆಸುವವರ ಬಾಯಿ ಬಿಡಿಸಲು ಇದಕ್ಕಿಂತ ಸುಲಭದ ಪ್ರಶ್ನೆ ಇಲ್ಲ. ನಾಗಲಕ್ಷ್ಮಮ್ಮನವರ ಮುಖ ಸಡಿಲವಾಯಿತು.

“ಮೊಗ್ಗು ಉದುರುತ್ತೆ ಅಂದ್ರೆ ನೀರು ಹಾಕೋದ್ರಲ್ಲಿ ತಪ್ಪಿದೆ. ಒಂದಿನ ಕೊಡ ಸುರೀತೀರಿ, ನಾಲ್ಕು ದಿನ ಮರೀತೀರಿ. ಹೌದೋ ಅಲ್ವೋ?”

“ಹೌದು.”

“ದಿನಾ ಹಾಕಿ, ಹಿತವಾಗಿ ಹಾಕಿ. ಬುಡದಲ್ಲಿ ನಿಲ್ಲಬಾರದು. ಮಧ್ಯಾಹ್ನದ ತನಕ ಬಿಸಿಲು ಬೀಳ್ಬೇಕು, ನೆರಳಲ್ಲಿಟ್ರೆ ಬರೀ ಎಲೆ. ಕಡಲೆಕಾಯಿ ಹಿಂಡಿ ನೆನೆಸಿ, ತಿಳಿ ಮಾಡಿ, ತಿಂಗಳಿಗೊಂದು ಸಲ. ಬಿಳಿ ಹೇನು ಬಂದ್ರೆ ಹೊಗೆಸೊಪ್ಪಿನ ನೀರು. ಯುಗಾದಿಗೆ ಮುಂಚೆ ಕತ್ತರಿ ಆಡಿಸ್ಬೇಕು. ಕನಿಕರ ನೋಡ್ಬಾರ್ದು. ಕತ್ತರಿಸಿದಲ್ಲೇ ಇದು ಹೂ ಬಿಡೋದು.”

“ಬೀಜ ಕೊಡ್ತೀರಾ? ಹಾಕಿ ನೋಡ್ತೀನಿ.”

ಅವರು ನಕ್ಕರು. “ಇದರ ಬೀಜ ಹಾಕಿದ್ರೆ ಇದೇ ಹೂ ಬರಲ್ಲ ಸಾರ್. ಯಾವುದೋ ತಾತನದ್ದೋ ಮುತ್ತಾತನದ್ದೋ ಬಣ್ಣ ಬರುತ್ತೆ. ಕಡ್ಡಿಯಿಂದಲೇ ಮಾಡ್ಬೇಕು. ಬರೀ ಕಡ್ಡಿ ನೆಟ್ರೂ ಬೇರಿಗೆ ಬಲ ಸಾಲಲ್ಲ. ನಮ್ಮ ನಾಟಿ ಕೆಂಪು ದಾಸವಾಳದ ಮೇಲೆ ಕಸಿ ಕಟ್ಟಬೇಕು. ಆಮೇಲೆ ನೀರು...” ಒಂದು ಕ್ಷಣ ನಿಂತು, ಪಾಠ ಒಪ್ಪಿಸುವವರಂತೆ ಹೇಳಿದರು: “ಬೇರಿಗೆ ನೀರು ಕುಡಿಸಬೇಕು, ಸ್ನಾನ ಮಾಡಿಸಬಾರದು.”

ರಾಮಪ್ರಸಾದ ಕುಡಿಯುತ್ತಿದ್ದ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟ.

ಆ ಮಾತು ಚಕ್ರಪಾಣಿಗಳದ್ದು.

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಇನ್ನೂ ಶಾಪಿಂಗ್ ಕಾಂಪ್ಲೆಕ್ಸು ಎದ್ದಿರದ ಕಾಲ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಂಡೆಗಳ ಸಂದಿಯಲ್ಲಿ ಲಂಟಾನ, ಸಂಜೆಯಾದರೆ ಕಪ್ಪೆಗಳ ಕೂಗು. ಚಕ್ರಪಾಣಿಗಳ ಮನೆಗೂ ರಾಮಪ್ರಸಾದನ ಮನೆಗೂ ನಡುವೆ ಗೋಡೆಯಿರಲಿಲ್ಲ, ದಾಸವಾಳದ ಬೇಲಿಯಿತ್ತು. ಭಾನುವಾರ ಬೆಳಿಗ್ಗೆ ರೇಡಿಯೋ ಒಳಗೆ ತನ್ನಷ್ಟಕ್ಕೆ ಹಾಡುತ್ತಿದ್ದರೆ, ಚಕ್ರಪಾಣಿಗಳು ಪಂಚೆ ಎತ್ತಿಕಟ್ಟಿ, ಬಣ್ಣದ ಕುಂಚದಿಂದ ಒಂದು ಹೂವಿನ ಪರಾಗ ತೆಗೆದು ಇನ್ನೊಂದಕ್ಕೆ ಸವರುತ್ತಿದ್ದರು. ಅವರ ಹಿಂದೆ ಎರಡು ನೆರಳುಗಳು. ಒಂದು ಅವರ ಮಗಳು ಅಲಮೇಲು. ಇನ್ನೊಂದು ಬೇಲಿ ನುಸುಳಿ ಬಂದ ಇವನು.

ಚಕ್ರಪಾಣಿಗಳು ವರ್ಷಗಟ್ಟಲೆ ಹೆಣಗಿದ ಮೇಲೆ ನೂರಾರು ಸಸಿಗಳ ನಡುವೆ ಒಂದೇ ಒಂದು ಸಸಿ ಈ ನೇರಳೆ ಹೂ ಬಿಟ್ಟಿತು. ತೀರಿಹೋಗಿದ್ದ ಹೆಂಡತಿ ಸೀತಾಲಕ್ಷ್ಮಿಯ ನೆನಪಿಗೆ ಅದಕ್ಕೆ ‘ಸೀತಾ’ ಎಂದು ಹೆಸರಿಟ್ಟರು. ಅಂದು ಪಾಯಸ ಮಾಡಿದವಳು ಅಲಮೇಲು. ತಳ ಹಿಡಿದ ಪಾಯಸ. ಆದರೂ ಯಾರೂ ಲೋಟ ಕೆಳಗಿಡಲಿಲ್ಲ.

ಎಪ್ಪತ್ತೆರಡರ ಶ್ರಾವಣದ ಒಂದು ಬೆಳಿಗ್ಗೆ ಆ ತಾಯಿಗಿಡದ ಬುಡಕ್ಕೆ ಯಾರೋ ಬಚ್ಚಲ ಹಂಡೆಯ ಕುದಿನೀರು ಸುರಿದಿದ್ದರು. ಕಸಿ ಮಾಡಿಟ್ಟಿದ್ದ ಏಕೈಕ ಕುಂಡ ಜಾಗದಲ್ಲಿರಲಿಲ್ಲ. ಅಲಮೇಲುವೂ ಇರಲಿಲ್ಲ.

ಆಮೇಲೆ ಹನ್ನೆರಡು ಶ್ರಾವಣ ಕಳೆದಿವೆ.

“ಏನು ಸಾರ್, ಯೋಚನೆಗೆ ಬಿದ್ರಿ?”

“ಏನಿಲ್ಲ. ಆ ಮಾತು ಚೆನ್ನಾಗಿದೆ. ಸ್ನಾನ ಮಾಡಿಸಬಾರದು ಅಂದ್ರಲ್ಲ. ಯಾರು ಹೇಳಿಕೊಟ್ಟಿದ್ದು?”

“ಯಾರೋ... ಹಾಗೇ ಕೇಳಿದ್ದು.” ಅವರು ಲೋಟ ತೆಗೆದುಕೊಳ್ಳಲು ಕೈಚಾಚಿದರು. “ನನಗೆ ಒಲೆ ಮೇಲೆ ಸಾರಿದೆ. ಇನ್ನೊಂದಿನ ಬನ್ನಿ, ನಾಟಿ ಕೆಂಪಿನ ಒಂದು ಕಡ್ಡಿ ಕೊಡ್ತೀನಿ.”

ಹೊರಡಬೇಕಾಗಿತ್ತು. ಹೊರಡುವವನಂತೆ ತಿರುಗಿದ ರಾಮಪ್ರಸಾದನ ಕಣ್ಣು ತೊಟ್ಟಿಯ ಆಚೆ, ಹಂಚಿನ ಮಾಡಿನ ನೆರಳಿನಲ್ಲಿ ಸಾಲಾಗಿಟ್ಟ ಕುಂಡಗಳ ಮೇಲೆ ಬಿತ್ತು.

ನಾಟಿ ದಾಸವಾಳದ ಗೇಣುದ್ದದ ಬುಡಗಳು. ಒಂದೊಂದರ ನೆತ್ತಿಯ ಮೇಲೂ ಪೆನ್ಸಿಲ್ ಗಾತ್ರದ ಹೊಸ ಕಡ್ಡಿ. ಎರಡೂ ಸೇರುವಲ್ಲಿ ಬಾಳೆನಾರಿನ ಕಟ್ಟು. ಕಡ್ಡಿಗಳಲ್ಲಿ ಆಗಲೇ ಎಳೆಯ ಚಿಗುರು ಒಡೆದಿತ್ತು. ಈ ಮಳೆಗಾಲದಲ್ಲಿ ಕಟ್ಟಿದ ಕಸಿ.

ಅವನು ಕುಕ್ಕರುಗಾಲಲ್ಲಿ ಕೂತ. ಕಟ್ಟನ್ನು ನೋಡಿದ. ಪಕ್ಕದ್ದನ್ನು ನೋಡಿದ. ಅದರಾಚೆಯದನ್ನೂ.

ನಾರು ಕೆಳಗಿನಿಂದ ಮೇಲಕ್ಕೆ ಎಡಕ್ಕೆ ಸುತ್ತಿ ಹತ್ತಿತ್ತು. ಎಲ್ಲದರಲ್ಲೂ ಹಾಗೇ.

ಅವನು ಕಲಿತ ಕಟ್ಟು ಹೀಗಿರಲಿಲ್ಲ. ಬಲಗೈಯವರು ಸುತ್ತಿದರೆ ನಾರು ಬಲಕ್ಕೆ ಏರುತ್ತದೆ. ಕುಂಡವನ್ನು ಯಾವ ಕಡೆಗೆ ತಿರುಗಿಸಿದರೂ ಸುತ್ತಿನ ದಿಕ್ಕು ಬದಲಾಗುವುದಿಲ್ಲ. ಚಕ್ರಪಾಣಿಗಳ ತೋಟದಲ್ಲಿ ಯಾವ ಕಸಿ ಯಾರದೆಂದು ಹೆಸರು ಬರೆದಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ಎಡಕ್ಕೆ ಸುತ್ತಿದವು ಅಲಮೇಲುವಿನವು. ಎಡಗೈಯಲ್ಲಿ ಊಟ ಮಾಡುತ್ತಾಳೆಂದು ನೆಂಟರೆಲ್ಲ ಬೈದು ಸೋತ ಮೇಲೂ ಅವಳ ಎಡಗೈ ಸೋತಿರಲಿಲ್ಲ.

“ಅಮ್ಮ,” ಎಂದ, ಕೂತಲ್ಲಿಂದಲೇ. “ಇವನ್ನ ಕಟ್ಟಿದ್ದು ಯಾರು?”

“ನಾನೇ.”

“ನೀವು ಕಾಫಿ ಲೋಟ ಇಟ್ಟಿದ್ದು ಬಲಗೈಯಲ್ಲಿ.”

“ಅದಕ್ಕೇನೀಗ?”

“ಕಟ್ಟಿದವರು ಎಡಗೈಯವರು. ಕಟ್ಟಿ ತಿಂಗಳು ಕಳೆದಿದೆ ಅಷ್ಟೆ. ಆಕೆ ಈ ಆಷಾಢದಲ್ಲಿ ಇಲ್ಲಿಗೆ ಬಂದಿದ್ರು.”

ನಾಗಲಕ್ಷ್ಮಮ್ಮನವರ ಮುಖದ ನಗು ಆರಿಹೋಯಿತು. ಅವರು ಸೆರಗನ್ನು ಸೊಂಟದಿಂದ ಬಿಡಿಸಿ ಹೆಗಲ ಮೇಲೆ ಎಳೆದುಕೊಂಡರು.

“ಯಾರು ನೀವು? ಯಡಿಯೂರಿನವರು ಅಂದ್ರಲ್ಲ.”

“ಅಲಮೇಲು ಎಲ್ಲಿದ್ದಾಳೆ?”

“ಆ ಹೆಸರಿನವರು ಯಾರೂ ಗೊತ್ತಿಲ್ಲ. ಮೊದಲು ಗೇಟಿನಾಚೆ ನಡೀರಿ. ನಮ್ಮನೆಯವರು ಒಳಗೆ ಮಲಗಿದಾರೆ, ಕಣ್ಣಿನ ಆಪರೇಷನ್ ಆಗಿದೆ. ಕೂಗಾಡಿಸಬೇಡಿ ನನ್ನ.”

“ನಾನು ಕೂಗಾಡಲ್ಲ. ನೀವೂ ಕೂಗಲ್ಲ. ಕೂಗೋ ಹಾಗಿದ್ದಿದ್ರೆ ಅಲಮೇಲು ಹೆಸರು ಕೇಳಿದಾಗಲೇ ಕೂಗ್ತಿದ್ರಿ.” ಅವನು ಎದ್ದುನಿಂತ. “ಅವಳಿಗೆ ಮಾತು ಕೊಟ್ಟಿದ್ದೀರಿ ಅಲ್ವಾ, ಈ ಹೂ ಕಾಂಪೌಂಡು ದಾಟಬಾರದು ಅಂತ? ಮತ್ತೆ ಗಣಪತಿಗೆ ಯಾಕೆ ಏರಿಸಿದ್ರಿ?”

ಅದು ಕತ್ತಲಲ್ಲಿ ಎಸೆದ ಕಲ್ಲು. ಆದರೆ ತಾಗಿತು.

ಮುದುಕಿ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಕಣ್ಣು ಒದ್ದೆಯಾಯಿತು.

“ಹರಕೆ ಹೊತ್ತಿದ್ದೆ. ನಮ್ಮನೆಯವರಿಗೆ ಕಣ್ಣು ಬಂದ್ರೆ ನನ್ನ ಹಿತ್ತಿಲಲ್ಲಿ ಅರಳೋ ಅತಿ ಒಳ್ಳೇ ಹೂವನ್ನೇ ಮಂಗಳವಾರ ತಂದು ಮುಡಿಸ್ತೀನಿ ಅಂತ. ಗಣಪತಿ ಹತ್ರ ಮೋಸ ಮಾಡೋಕಾಗುತ್ತಾ ಸಾರ್? ಒಂದು ಹೂ. ಒಂದೇ ದಿನ ಬಾಳೋ ಹೂ. ಯಾರು ನೋಡ್ತಾರೆ ಅಂದ್ಕೊಂಡೆ.”

ರಾಮಪ್ರಸಾದನಿಗೆ ಪಾಪ ಎನಿಸಿತು. ಅವನೂ ಅವರೆದುರಿನ ಕಲ್ಲಿನ ಮೇಲೆ ಕೂತ. ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿದ್ದ ಸದ್ದು ಬರುತ್ತಿತ್ತು. ಆಚೆಗಿನ ಬಂಡೆಯ ಮೇಲೆ ಒಗೆದು ಹರವಿದ ಸೀರೆಗಳು. ಈ ಗಿರಿನಗರ ಅಂದಿನ ಜಯನಗರದ ಹಾಗೇ ಇತ್ತು. ಅರ್ಧ ಊರು, ಅರ್ಧ ಕಾಡು.

“ಅವಳು ನಿಮಗೆ ಎಲ್ಲಿ ಸಿಕ್ಕಳು?”

“ತುಮಕೂರಲ್ಲಿ. ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳ ಹಾಸ್ಟೆಲ್ಲು, ನಾನು ಅಲ್ಲಿ ಮೇಟ್ರನ್. ಒಂದು ಬೆತ್ತದ ಬುಟ್ಟಿ, ಅದರೊಳಗೆ ಈ ಗಿಡ. ಬದಲಾಯಿಸೋಕೆ ಸೀರೆ ಕೂಡ ಇರಲಿಲ್ಲ ಸಾರ್, ಗಿಡ ಇತ್ತು. ಯಾಕಮ್ಮ ಅಂದ್ರೆ, ‘ಇದನ್ನ ಬಿಟ್ಟುಬಂದಿದ್ರೆ ಇದನ್ನೂ ಕೊಂದಿರೋರು’ ಅಂದ್ಲು. ನಾನು ಮತ್ತೆ ಕೇಳಲಿಲ್ಲ. ನಾನು ಕೆಲಸ ಬಿಟ್ಟು ಇಲ್ಲಿಗೆ ಬರೋವಾಗ ಗಿಡ ನನ್ನ ಕೈಗೆ ಕೊಟ್ಲು. ‘ಬೆಂಗಳೂರಿನ ಹವಾನೇ ಇದಕ್ಕೆ ಒಗ್ಗೋದು, ಆದ್ರೆ ಯಾರಿಗೂ ತೋರಿಸಬೇಡಿ’ ಅಂತ. ಪ್ರತಿ ಮಳೆಗಾಲ ಬಂದು ಕಸಿ ಕಟ್ಟಿ ಹೋಗ್ತಾಳೆ.”

“ಯಾರಿಗೆ ಹೆದರಿ ಓಡಿದ್ದು?”

“ಹೆಸರು ಬಾಯಿ ಬಿಡಲಿಲ್ಲ. ಒಂದು ಸಲ ಜ್ವರದಲ್ಲಿ ಕನವರಿಸ್ತಾ ಇದ್ಲು. ‘ನಮ್ಮ ಹಂಡೆ, ನಮ್ಮ ಸೌದೆ, ನಮ್ಮನೆಯವರೇ’ ಅಂತ.”

ನಮ್ಮನೆಯವರೇ.

ಅಂದರೆ ಆ ಮನೆಯೊಳಗಿನವರೇ ಯಾರೋ. ಇಷ್ಟು ವರ್ಷ ಎಲ್ಲರೂ ಬೆರಳು ತೋರಿಸಿದ್ದು ಗಂಗಾಧರಯ್ಯನವರ ಕಡೆಗೆ. ಅವರಿಗೂ ದಾಸವಾಳದ ಹುಚ್ಚು. ಪುಷ್ಪಪ್ರದರ್ಶನದಲ್ಲಿ ಚಕ್ರಪಾಣಿಗಳ ಎದುರಾಳಿ. ‘ಸೀತಾ’ದ ಒಂದು ಕಡ್ಡಿಗಾಗಿ ಬಾಗಿಲಿಗೆ ಬಂದು ಬಂದು ಬೈಸಿಕೊಂಡು ಹೋದವರು. ಹೊಟ್ಟೆಕಿಚ್ಚಿಗೆ ಅವರೇ ಗಿಡ ಸುಟ್ಟರೆಂದು ಬೀದಿಯೇ ಮಾತಾಡಿತ್ತು. ಆದರೆ ಹಂಡೆಯ ನೀರು ಕಾಯಿಸಲು ಸೌದೆ ಬೇಕು, ಬಚ್ಚಲಮನೆಯೊಳಗೆ ಹೊಗೆ ಕುಡಿಯುತ್ತ ಕೂರುವಷ್ಟು ಹೊತ್ತು ಬೇಕು. ಹೊರಗಿನವರು ನುಗ್ಗಿ ಮಾಡುವ ಕೆಲಸವಲ್ಲ.

ಹಾಗಾದರೆ ಉಳಿದವರು ಇಬ್ಬರು. ತಂದೆ ಚಕ್ರಪಾಣಿ. ಅಣ್ಣ ಸೀನು.

ಸೀನು ಮೊನ್ನೆ ಕೂಡ ಅಂದಿದ್ದ: “ಬಿಟ್ಬಿಡು ಗುರು. ಅವಳು ಹೋದ್ಲು, ಹೋದ್ಲು ಅಷ್ಟೆ. ಅಪ್ಪನಿಗೆ ಈ ವಯಸ್ಸಲ್ಲಿ ಹೊಸ ಆಸೆ ಹುಟ್ಟಿಸಬೇಡ.” ಅಂದು ಅದು ಅಣ್ಣನ ನೋವೆಂದು ತೋರಿತ್ತು. ಈಗ ಹಾಗೆಯೇ ತೋರುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಂಡ.

ಇನ್ನು ಬಚ್ಚಿಟ್ಟುಕೊಂಡು ಪ್ರಯೋಜನವಿಲ್ಲ.

“ಅಮ್ಮ, ನಾನು ಅವಳಿಗೆ ಕೇಡು ಮಾಡೋಕೆ ಬಂದವನಲ್ಲ. ಪಕ್ಕದ ಮನೇಲಿ ಬೆಳೆದವನು. ನನ್ನ ಹೆಸರು ರಾಮಪ್ರಸಾದ.”

ಸಮಾಧಾನವಾಗಬಹುದೆಂದು ಹೇಳಿದ ಮಾತು. ನಾಗಲಕ್ಷ್ಮಮ್ಮ ಹಾವು ತುಳಿದವರಂತೆ ಎದ್ದುನಿಂತರು.

“ಸುಳ್ಳು!”

“ಯಾಕಮ್ಮ?”

“ರಾಮಪ್ರಸಾದ ಶುಕ್ರವಾರವೇ ಬಂದಿದ್ರು. ಇಲ್ಲೇ ಕೂತು ಕಾಫಿ ಕುಡಿದು ಹೋದ್ರು. ನೀವ್ಯಾರು?”

ಪಕ್ಕದ ಮನೆಯ ಬೀಸುವ ಕಲ್ಲು ನಿಂತಿತು. ಅಥವಾ ಅವನ ಕಿವಿಗೆ ಕೇಳಿಸುವುದು ನಿಂತಿತು.

ಜೇಬಿನಿಂದ ಡ್ರೈವಿಂಗ್ ಲೈಸೆನ್ಸು ತೆಗೆದು ಬಿಚ್ಚಿ, ಫೋಟೋ ಕಾಣುವಂತೆ ಹಿಡಿದ. ನಾಗಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡು ಫೋಟೋ ನೋಡಿದರು, ಮುಖ ನೋಡಿದರು, ಹೆಸರಿನ ಮೇಲೆ ಬೆರಳಿಟ್ಟು ಓದಿದರು.

“ಅಲಮೇಲು ಹೇಳಿದ್ಲು... ಯಾರು ಕೇಳಿದ್ರೂ ಬಾಯಿ ಬಿಡಬೇಡಿ. ರಾಮಪ್ರಸಾದ ಒಬ್ಬನು ಬಂದ್ರೆ ಮಾತ್ರ ಎಲ್ಲ ಹೇಳಿ ಅಂತ. ಗುರುತಿಗೆ ಒಂದು ಪ್ರಶ್ನೆಯನ್ನೂ ಹೇಳಿಕೊಟ್ಟಿದ್ಲು.”

“ಏನು ಪ್ರಶ್ನೆ?”

“ರಾಮಪ್ರಸಾದನ ಹೊಸ ಸೈಕಲ್ಲಿನ ಟ್ಯೂಬು ಹೇಗೆ ಹೋಯ್ತು?”

ಇಂಥ ಹೊತ್ತಿನಲ್ಲೂ ಅವನಿಗೆ ನಗು ಬಂತು.

“ಗಾಳಿಮಳೆ. ಕಸಿ ಕಟ್ಟಿದ್ದ ಕೊಂಬೆ ಬಾಯಿಬಿಟ್ಟಿತ್ತು. ಅವರಪ್ಪ ಊರಲ್ಲಿರಲಿಲ್ಲ, ಮನೇಲಿ ಒಂದೆಳೆ ನಾರೂ ಇರಲಿಲ್ಲ. ಅಲಮೇಲು ಬ್ಲೇಡು ತಂದು ನನ್ನ ಟ್ಯೂಬಿನ ಮಧ್ಯದಿಂದ ಒಂದು ಪಟ್ಟಿ ಕುಯ್ದಳು. ನಾನು ಮಳೇಲಿ ನೆನೀತಾ ಕೊಂಬೆ ಹಿಡ್ಕೊಂಡಿದ್ದೆ. ನಮ್ಮಪ್ಪನಿಗೆ ಪಂಕ್ಚರು ಅಂತ ಹೇಳಿದ್ವಿ.”

ಆ ಸಂಜೆಯ ಮಣ್ಣಿನ ವಾಸನೆ ಮೂಗಿಗೆ ಬಡಿದಂತಾಯಿತು. ಅವಳ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ‘ಯಾರಿಗಾದ್ರೂ ಹೇಳಿದ್ರೆ ನೋಡು’ ಎಂದು ಬ್ಲೇಡು ತೋರಿಸಿ ಹೆದರಿಸಿದ್ದಳು. ಅವನು ಇಂದಿನವರೆಗೂ ಒಬ್ಬರಿಗೂ ಹೇಳಿರಲಿಲ್ಲ. ಹೇಳಿದರೆ ಆ ಸಂಜೆ ತನ್ನದಾಗಿ ಉಳಿಯುವುದಿಲ್ಲವೆಂಬ ಭಯ.

“ಅವರೂ ಇದನ್ನೇ ಹೇಳಿದ್ರು,” ಎಂದರು ನಾಗಲಕ್ಷ್ಮಮ್ಮ. ದನಿ ಕೀರಲಾಗಿತ್ತು. “ಬ್ಲೇಡು, ಮಳೆ, ಪಂಕ್ಚರು. ಎಲ್ಲ ಹೀಗೇ ಹೇಳಿದ್ರು ಸಾರ್.”

“ನೋಡೋಕೆ ಹೇಗಿದ್ದ?”

“ನಿಮ್ಮ ವಯಸ್ಸೇ. ಎತ್ತರ. ಮೆತ್ತಗೆ ಮಾತು.”

“ಕುಂಟ್ತಿದ್ದನಾ?”

“ಇಲ್ಲ. ದಾಪುಗಾಲು ಹಾಕ್ಕೊಂಡು ಬಂದ್ರು.”

ಪೋಲಿಯೋ ಬಂದಾಗಿನಿಂದ ಸೀನು ಎಡಗಾಲು ಎಳೆದೇ ನಡೆಯುವವನು. ಅವನಲ್ಲ. ಚಕ್ರಪಾಣಿಗಳಿಗೂ ಗಂಗಾಧರಯ್ಯನವರಿಗೂ ವಯಸ್ಸೇ ಹೊಂದುವುದಿಲ್ಲ. ಹಾಗಾದರೆ ಯಾರು? ಯಾರ ಪರವಾಗಿ?

“ಗಿಡದ ಹತ್ರ ಹೋಗಿ ನಿಂತ್ರು. ನಿಮ್ಮ ಹಾಗೆ ಮುಟ್ಟೋಕೆ ಹೋಗಲಿಲ್ಲ. ಸುಮ್ನೆ ನೋಡಿದ್ರು. ಕಣ್ಣಲ್ಲಿ ನೀರು ಬಂತು. ಅದಕ್ಕೇ ನಂಬಿದೆ.”

“ಏನು ಹೇಳಿದ್ರಿ ಅವನಿಗೆ?”

ನಾಗಲಕ್ಷ್ಮಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು.

“ಅಮ್ಮ, ಏನು ಹೇಳಿದ್ರಿ?”

“ಎಲ್ಲ ಹೇಳಿದೆ. ಈಗ ಕನಕಪುರದ ಆಚೆ ಒಂದು ಸ್ಕೂಲಲ್ಲಿ ಟೀಚರಾಗಿದ್ದಾಳೆ. ಕಸಿ ಹಿಡಿದಿದೆಯಾ ನೋಡೋಕೆ ಬರ್ತೀನಿ ಅಂದಿದ್ಲು, ಇವತ್ತು. ಊಟಕ್ಕೆ. ಬನಶಂಕರಿ ಗುಡಿ ಹತ್ರ ಬಸ್ಸಿಳೀತಾಳೆ. ‘ನಾನೇ ಸ್ಟಾಪಿಂದ ಕರ್ಕೊಂಡು ಬರ್ತೀನಿ, ನೀವು ಅಡುಗೆ ಮಾಡಿರಿ’ ಅಂದ್ರು ಅವರು. ಮೂರು ಎಲೆ ಹಾಕಿಟ್ಟಿದ್ದೀನಿ ಸಾರ್ ಒಳಗೆ...”

ಊಟದ ಹೊತ್ತು ಮೀರಿಹೋಗಿತ್ತು.

ಒಲೆ ಆರಿಸಿ, ಮಲಗಿದ್ದ ಗಂಡನಿಗೆ ಬಾಗಿಲಿಂದಲೇ ಒಂದು ಮಾತು ಕೂಗಿ ಹೇಳಿ, ನಾಗಲಕ್ಷ್ಮಮ್ಮ ಚಪ್ಪಲಿಯನ್ನೂ ಮೆಟ್ಟದೆ ಹೊರಬಂದರು. ಬೇಡವೆಂದರೂ ಕೇಳಲಿಲ್ಲ. “ಬಾಯಿ ಬಿಟ್ಟವಳು ನಾನು,” ಎಂದು ಆಟೋ ಹತ್ತಿ ಕೂತುಬಿಟ್ಟರು.

ದಾರಿಯುದ್ದಕ್ಕೂ ಅವರ ತುಟಿ ಏನೋ ಜಪಿಸುತ್ತಿತ್ತು. ರಾಮಪ್ರಸಾದ ಎದುರಿನ ರಸ್ತೆಯನ್ನೇ ನೋಡುತ್ತ ಕೂತ. ಒಂದು ಕಾಲಕ್ಕೆ ಅವನೂ ಅಲಮೇಲುವೂ ಸೀನುವೂ ಇದೇ ರಸ್ತೆಯಲ್ಲಿ ಸೈಕಲ್ ತುಳಿದು ಬನಶಂಕರಿಗೆ ಬರುತ್ತಿದ್ದರು. ಇಕ್ಕೆಲದಲ್ಲೂ ಹೊಲ, ಗುಡಿಯ ಗೋಪುರ ದೂರದಿಂದಲೇ ಕಾಣುತ್ತಿತ್ತು. ಸೀನುವನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತುಳಿಯುವುದು ಇವನ ಪಾಲು. ಏರಿನಲ್ಲಿ ಅಲಮೇಲು ಹಿಂದಿನಿಂದ ನೂಕುತ್ತಿದ್ದಳು, ನಗುತ್ತಿದ್ದಳು, ನಗುವಿನಲ್ಲಿ ಬಲವೆಲ್ಲ ಸೋರಿಹೋಗಿ ಮೂವರೂ ಇಳಿದು ನಡೆಯುತ್ತಿದ್ದರು. ಈಗ ಎರಡೂ ಕಡೆ ಸೈಟುಗಳ ಕಲ್ಲು, ಅರ್ಧ ಎದ್ದ ಗೋಡೆಗಳು, ಮರಳಿನ ಗುಡ್ಡೆ. ಗೋಪುರ ಹತ್ತಿರ ಹೋದ ಮೇಲೆ ಕಂಡಿತು.

ಬಸ್ ಸ್ಟಾಪಿನಲ್ಲಿ ಅಲಮೇಲು ಇರಲಿಲ್ಲ.

ಮಂಗಳವಾರದ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವ ಹೆಂಗಸರು ಆಗಲೇ ಗುಂಪುಗೂಡುತ್ತಿದ್ದರು. ಸ್ಟಾಪಿನ ಎದುರು ಗೋಣಿ ಹಾಸಿ ನಿಂಬೆಹಣ್ಣು ಗುಡ್ಡೆ ಮಾಡುತ್ತಿದ್ದ ತಿಮ್ಮಕ್ಕನನ್ನು ಗುಡಿಗೆ ಬರುವ ಎಲ್ಲರೂ ಬಲ್ಲರು. ನಾಗಲಕ್ಷ್ಮಮ್ಮ ಅವಳ ಮುಂದೆ ಕುಸಿದು ಕೂತರು.

“ತಿಮ್ಮಕ್ಕ, ಕನಕಪುರದ ಬಸ್ಸಲ್ಲಿ ಒಬ್ಬಳು ಇಳಿದ್ಲಾ? ಬಿಳಿ ಸೀರೆ ಜಾಸ್ತಿ ಉಡ್ತಾಳೆ, ಎತ್ತರದ ಹೆಂಗಸು...”

“ಬೆತ್ತದ ಬುಟ್ಟಿ ಹಿಡ್ಕೊಂಡಿದ್ದೋರಾ? ಇಳಿದ್ರಲ್ಲ. ಆಗ್ಲೇ ಬಾಳ ಹೊತ್ತಾಯ್ತು.”

ಬದುಕಿದ್ದಾಳೆ. ಇಲ್ಲೇ, ಈ ಧೂಳಿನಲ್ಲಿ ಕಾಲಿಟ್ಟಿದ್ದಾಳೆ.

“ಯಾರಾದ್ರೂ ಅವಳಿಗೆ ಕಾಯ್ತಾ ಇದ್ರಾ ಅಕ್ಕ?”

“ಇದ್ದ. ಆ ಮರದ ಕೆಳಗೆ ನಿಂತಿದ್ದ, ಎತ್ತರದ ಆಳು. ಆಯಮ್ಮ ಇಳೀತಿದ್ದ ಹಾಗೆ ಹೋಗಿ ಬುಟ್ಟಿ ಇಸ್ಕೊಂಡ.”

“ಬಲವಂತ ಮಾಡಿದನಾ? ಗಲಾಟೆ ಏನಾದ್ರೂ?”

“ಅಯ್ಯೋ, ಗಲಾಟೆ ಎಲ್ಲಿ ಬಂತು!” ತಿಮ್ಮಕ್ಕ ನಿಂಬೆಹಣ್ಣು ಒರೆಸುವುದನ್ನು ನಿಲ್ಲಿಸಿದಳು. “ಆಯಮ್ಮ ಅವನ ಮುಖ ನೋಡಿದ್ದೇ, ಎರಡೂ ಕೈ ಹಿಡ್ಕೊಂಡು ಅತ್ತುಬಿಡ್ತು. ನೋಡ್ತಿದ್ದ ನನಗೇ ಕರುಳು ಚುರ್ ಅಂತು. ಆಮೇಲೆ ಇಬ್ರೂ ಆಟೋ ಹತ್ತಿದ್ರು. ಜಯನಗರ ಅಂತ ಆಯಮ್ಮನೇ ಹೇಳಿದ್ದು. ಗಿರಿನಗರ ಅಲ್ಲ.”

ನಾಗಲಕ್ಷ್ಮಮ್ಮ ರಾಮಪ್ರಸಾದನ ಕಡೆ ತಿರುಗಿದರು. “ಹನ್ನೆರಡು ವರ್ಷ ಆಯ್ತಲ್ಲ ಸಾರ್, ಗುರುತು ತಪ್ಪಿರಬೇಕು. ಅವನೇ ನೀವು ಅಂತ ನಂಬಿರಬೇಕು ಪಾಪ.”

ಒಂದು ಗಳಿಗೆ ಅವನಿಗೂ ಹಾಗೇ ಅನಿಸಿತು. ಬೇಲಿಯ ಆಚೀಚೆ ಹದಿನೈದು ವರ್ಷ ಬೆಳೆದವರ ಮುಖ ಮರೆಯುತ್ತದೆಯೇ? ಮರೆತಿರಲಿ, ಹಾಗೇ ಆಗಿರಲಿ ಎಂದು ಬನಶಂಕರಿಯ ಗೋಪುರದ ಕಡೆ ನೋಡಿ ಮನಸ್ಸಿನಲ್ಲೇ ಬೇಡಿಕೊಂಡ.

“ಅವನನ್ನ ಏನಂತ ಕರೆದಳು ಅಕ್ಕ? ಹೆಸರು ಏನಾದ್ರೂ ಕಿವಿಗೆ ಬಿತ್ತಾ? ರಾಮಪ್ರಸಾದ ಅಂದ್ಲಾ?”

“ಊಹೂಂ. ಅದಲ್ಲಪ್ಪ.” ತಿಮ್ಮಕ್ಕ ಹಣೆ ಸುಕ್ಕುಗಟ್ಟಿಸಿ ನೆನಪು ಮಾಡಿಕೊಂಡಳು. “ಅವನೇ ಮೊದಲು ಏನೋ ಹೇಳೋಕೆ ಬಂದ, ನಾನು ರಾಮ ಅಂತಲೋ ಏನೋ. ಆಯಮ್ಮ ಅವನ ಬಾಯಿ ಮುಚ್ಚಿಬಿಡ್ತು. ‘ನನ್ನ ಹತ್ರ ಯಾಕೆ ಈ ಸುಳ್ಳು? ನಿನ್ನನ್ನ ರಾಮಪ್ರಸಾದನ ಹೆಸರಲ್ಲಿ ಗಿರಿನಗರಕ್ಕೆ ಕಳಿಸಿದ್ದೇ ನಾನಲ್ವಾ’ ಅಂತು.”